ಕನಸಲ್ಲೂ ದೇಹ ಬಿಟ್ಟುಹೋಗಲ್ಲ

ರಾತ್ರಿ ಮೂರೋ ನಾಲ್ಕೋ ಗಂಟೆ ಇರಬೇಕು, ಎಚ್ಚರ ಆಯ್ತು, ನೋಡಿದ್ರೆ ನನ್ನ ಪಕ್ಕದಲ್ಲಿ ಯಾರದೋ ಕೈ ಬಿದ್ದಿದೆ. ತಣ್ಣಗಿತ್ತು, ಭಾರ ಇತ್ತು. ಗಾಬರಿಯಾಗಿ ಎಡಗೈಯಿಂದ ಹಿಡಿದು ಎತ್ತಿದೆ, ಕೊರಡಿನ ಥರ ಮೇಲೆ ಬಂತು, ಬಿಟ್ಟ ತಕ್ಷಣ ದಿಂಬಿನ ಮೇಲೆ ದೊಪ್ ಅಂತ ಬಿತ್ತು. ಅದು ನನ್ನದೇ ಬಲಗೈ, ಮೈ ಕೆಳಗೆ ಸಿಕ್ಕಿ ಜೋಮು ಹಿಡಿದಿತ್ತು ಅಷ್ಟೇ. ಒಂದೆರಡು ನಿಮಿಷದಲ್ಲಿ ಬೆರಳ ತುದಿಯಲ್ಲಿ ಇರುವೆ ಹರಿದಂಗೆ ಜುಮ್ ಅನ್ನೋಕೆ ಶುರುವಾಯ್ತು, ಆಮೇಲೆ ಸೂಜಿ ಚುಚ್ಚಿದ ಹಾಗೆ ನೋವು, ಆಮೇಲೆ ಕೈ ವಾಪಸ್ ನಂದಾಯ್ತು. ಆದ್ರೆ ಆ ಮಧ್ಯದ ಕೆಲವು ಸೆಕೆಂಡ್ ನಂಗೆ ಇವತ್ತಿಗೂ ಮರೆಯೋಕಾಗಿಲ್ಲ, ಯಾಕಂದ್ರೆ ಎಚ್ಚರಾಗೋಕೆ ಸ್ವಲ್ಪ ಮುಂಚೆ ನಡೀತಿದ್ದ ಕನಸಲ್ಲಿ ಅದೇ ಬಲಗೈಯಲ್ಲಿ ನಾನು ಬಾಗಿಲ ಚಿಲಕ ತೆಗೀತಾ ಇದ್ದೆ, ಕಬ್ಬಿಣದ ಚಿಲಕ, ಅದರ ತಣ್ಣನೆ ಮುಟ್ಟಿದ್ದು ಕೂಡ ಗೊತ್ತಾಗಿತ್ತು. ಮಲಗಿದ್ದಾಗ ಇದ್ದ ಕೈ ಎದ್ದಾಗ ಇರಲಿಲ್ಲ.

ಈ ವಿಷಯ ಈಗ ಯಾಕೆ ಎತ್ತಿದೆ ಅಂದ್ರೆ, ಮಾತಾಡೋ ಕಂಪ್ಯೂಟರ್ ಪ್ರೋಗ್ರಾಮ್‌ಗಳಿಗೆ ಪ್ರಜ್ಞೆ ಇದೆಯಾ ಇಲ್ವಾ ಅನ್ನೋ ವಾದ ಕೆಲವು ವರ್ಷದಿಂದ ಜೋರಾಗಿ ನಡೀತಿದೆ. 2022ರ ಜೂನ್‌ನಲ್ಲಿ ಗೂಗಲ್‌ನ ಇಂಜಿನಿಯರ್ ಬ್ಲೇಕ್ ಲೆಮೊಯಿನ್, ಅವರ ಕಂಪನಿಯ ಲ್ಯಾಮ್‌ಡಾ ಅನ್ನೋ ಚಾಟ್‌ಬಾಟ್‌ಗೆ ಅನುಭವ ಇದೆ ಅಂತ ಬಹಿರಂಗವಾಗಿ ಹೇಳಿದ್ರು, ಕಂಪನಿ ಅದನ್ನ ಒಪ್ಪಲಿಲ್ಲ, ಮುಂದಿನ ತಿಂಗಳು ಅವರನ್ನ ಕೆಲಸದಿಂದ ತೆಗೀತು. ಅಲ್ಲಿಂದ ಈಚೆಗೆ ಇಂಥ ಪ್ರೋಗ್ರಾಮ್‌ಗಳು ಕೋಟ್ಯಂತರ ಜನರ ಫೋನಿಗೆ ಬಂದ್ವು, ಜನ ಅವುಗಳ ಹತ್ರ ದುಃಖ ಹೇಳ್ಕೊಳ್ತಾರೆ, ಅವು "ನಂಗೆ ಅರ್ಥ ಆಗುತ್ತೆ" ಅಂತಾವೆ. ಈ ಚರ್ಚೆಯಲ್ಲಿ ಒಂದು ವಾದ ಪದೇಪದೇ ಬರುತ್ತೆ, ಪ್ರಜ್ಞೆಗೆ ದೇಹ ಬೇಕಾಗಿಲ್ಲ, ಬೇಕಿದ್ರೆ ಕನಸನ್ನೇ ನೋಡಿ, ಮೈ ಹಾಸಿಗೆ ಮೇಲೆ ಕಟ್ಟಿಗೆ ಥರ ಬಿದ್ದಿರುತ್ತೆ, ಕಣ್ಣು ಮುಚ್ಚಿರುತ್ತೆ, ಆದ್ರೂ ಒಂದು ಇಡೀ ಲೋಕ ಕಾಣ್ತೀವಲ್ಲ, ಅಂದಮೇಲೆ ದೇಹ ಇಲ್ಲದ ಯಂತ್ರಕ್ಕೆ ಯಾಕೆ ಆಗಬಾರದು ಅಂತ. ಕೇಳೋಕೆ ಚೆನ್ನಾಗಿದೆ ಈ ವಾದ. ನಾನೂ ಒಂದು ಕಾಲದಲ್ಲಿ ನಂಬಿದ್ದೆ. ಆದ್ರೆ ಕನಸಿನ ಬಗ್ಗೆ ಗೊತ್ತಾಗಿರೋದನ್ನ ಒಂದೊಂದಾಗಿ ನೋಡ್ತಾ ಹೋದ್ರೆ ಅದು ಹೇಳೋದು ಉಲ್ಟಾನೇ.

ಮೊದಲು, ಮಲಗಿರೋ ಮೈ ಸುಮ್ಮನೆ ಬಿದ್ದಿರುತ್ತೆ ಅನ್ನೋದೇ ಸರಿ ಅಲ್ಲ. 1950ರ ದಶಕದ ಶುರುವಲ್ಲಿ ಶಿಕಾಗೋ ಯೂನಿವರ್ಸಿಟಿಯಲ್ಲಿ ಯುಜೀನ್ ಆಸೆರಿನ್‌ಸ್ಕಿ ಅನ್ನೋ ವಿದ್ಯಾರ್ಥಿ ತನ್ನ ಎಂಟು ವರ್ಷದ ಮಗನ ಕಣ್ಣಿನ ಹತ್ರ ತಂತಿ ಅಂಟಿಸಿ ಮಲಗಿಸಿದ, ಮೆಷಿನ್‌ನ ಪೆನ್ನು ಮಧ್ಯರಾತ್ರಿಯಲ್ಲಿ ಇದ್ದಕ್ಕಿದ್ದಂಗೆ ಓಡಾಡೋಕೆ ಶುರುಮಾಡಿತು, ಮಗ ಎದ್ದಿದಾನೇನೋ ಅಂತ ಹೋಗಿ ನೋಡಿದ್ರೆ ಹುಡುಗ ಗಾಢ ನಿದ್ದೆಯಲ್ಲಿದಾನೆ, ರೆಪ್ಪೆ ಒಳಗೆ ಕಣ್ಣುಗುಡ್ಡೆ ಮಾತ್ರ ಆ ಕಡೆ ಈ ಕಡೆ ಓಡ್ತಿದೆ. 1953ರಲ್ಲಿ ಆಸೆರಿನ್‌ಸ್ಕಿ ಮತ್ತು ಅವರ ಗುರು ನಥಾನಿಯಲ್ ಕ್ಲೈಟ್‌ಮನ್ ಇದನ್ನ ಪ್ರಕಟಿಸಿದ್ರು, ರೆಮ್ ನಿದ್ದೆ ಅಂತ ನಾವು ಈಗ ಕರೆಯೋದು ಇದನ್ನೇ. ಆ ಹೊತ್ತಲ್ಲಿ ಎಬ್ಬಿಸಿದ್ರೆ ಹೆಚ್ಚಿನವರು ಕನಸು ಹೇಳ್ತಾರೆ. ಕನಸು ಬೇರೆ ಹಂತದ ನಿದ್ದೆಯಲ್ಲೂ ಬೀಳುತ್ತೆ ಅಂತ ಆಮೇಲೆ ಗೊತ್ತಾಯ್ತು, ಆದ್ರೆ ಉದ್ದದ, ಕಥೆ ಥರದ, ಮೈನಡುಗಿಸೋ ಕನಸುಗಳು ಜಾಸ್ತಿ ಸಿಗೋದು ಇಲ್ಲೇ.

ಈ ಹಂತದಲ್ಲಿ ಮಿದುಳು ಎಚ್ಚರದಲ್ಲಿದ್ದಷ್ಟೇ ಚುರುಕಾಗಿರುತ್ತೆ, ನಡೆಯೋಕೆ ಓಡೋಕೆ ಹೊಡೆಯೋಕೆ ಆದೇಶನೂ ಹೊರಡುತ್ತೆ, ಆದ್ರೆ ಮಿದುಳಿನ ಬುಡದಲ್ಲಿರೋ ಬ್ರೈನ್ ಸ್ಟೆಮ್ ಆ ಆದೇಶ ಬೆನ್ನುಹುರಿ ದಾಟಿ ಸ್ನಾಯುಗೆ ಹೋಗದ ಹಾಗೆ ತಡೆದು ನಿಲ್ಲಿಸುತ್ತೆ. ಅಂದ್ರೆ ಮೈ ಸತ್ತಂಗೆ ಬಿದ್ದಿರೋದು ಅಲ್ಲ, ಯಾರೋ ಬಲವಾಗಿ ಹಿಡ್ಕೊಂಡಿರೋದು. ಫ್ರಾನ್ಸಿನ ಲಿಯೋನ್‌ನಲ್ಲಿ ಮಿಶೆಲ್ ಜೂವೆ 1960ರ ದಶಕದಲ್ಲಿ ಬೆಕ್ಕುಗಳ ಬ್ರೈನ್ ಸ್ಟೆಮ್‌ನಲ್ಲಿ ಈ ಹಿಡಿತದ ಜಾಗವನ್ನ ಹಾಳು ಮಾಡಿ ನೋಡಿದ್ರು, ಬೆಕ್ಕು ನಿದ್ದೆಯಲ್ಲೇ ಎದ್ದು ನಿಲ್ತು, ಇಲ್ಲದ ಇಲಿಯನ್ನ ಹೊಂಚು ಹಾಕ್ತು, ಇಲ್ಲದ ಶತ್ರು ಮೇಲೆ ಬೆನ್ನು ಗೂನು ಮಾಡಿ ಹಲ್ಲು ಕಿರಿದು ನಿಲ್ತು. (ಪ್ರಯೋಗದ ಕ್ರೌರ್ಯ ನಂಗೆ ಒಪ್ಪಿಗೆ ಇಲ್ಲ, ಆದ್ರೆ ಅದರಿಂದ ಗೊತ್ತಾಗಿದ್ದನ್ನ ಮುಚ್ಚಿಡೋಕೂ ಆಗಲ್ಲ.) 1986ರಲ್ಲಿ ಅಮೆರಿಕದ ಮಿನೆಸೋಟಾದ ಕಾರ್ಲೋಸ್ ಶೆಂಕ್ ಮತ್ತು ಮಾರ್ಕ್ ಮಹೋವಾಲ್ಡ್ ಇದೇ ಸ್ಥಿತಿ ಮನುಷ್ಯರಲ್ಲೂ ಇದೆ ಅಂತ ತೋರಿಸಿದ್ರು, ಹೆಚ್ಚಾಗಿ ವಯಸ್ಸಾದ ಗಂಡಸರು, ಕನಸಲ್ಲಿ ಕಳ್ಳನ್ನ ಹೊಡೀತಿರ್ತಾರೆ, ಏಟು ಬೀಳೋದು ಪಕ್ಕದಲ್ಲಿ ಮಲಗಿರೋ ಹೆಂಡತಿಗೆ. ಇದನ್ನ ಬರೀ ಕೆಟ್ಟ ಕನಸು ಅಂತ ಬಿಡಬಾರದು, ಯಾಕಂದ್ರೆ 2019ರಲ್ಲಿ ಹಲವು ದೇಶಗಳ 24 ಸೆಂಟರ್‌ಗಳು ಸೇರಿ ಈ ತೊಂದರೆ ಇದ್ದ 1,280 ಜನರನ್ನ ಹಿಂಬಾಲಿಸಿ ನೋಡಿದಾಗ ಹನ್ನೆರಡು ವರ್ಷದೊಳಗೆ ಸುಮಾರು ಮುಕ್ಕಾಲು ಭಾಗ ಜನಕ್ಕೆ ಪಾರ್ಕಿನ್ಸನ್ ಅಥವಾ ಅದೇ ಗುಂಪಿನ ಮರೆವಿನ ಕಾಯಿಲೆ ಬರೋ ಅಂದಾಜು ಸಿಕ್ಕಿತು. ನಿಮ್ಮನೇಲಿ ಹಿರಿಯರು ಯಾರಾದ್ರೂ ನಿದ್ದೆಯಲ್ಲಿ ಕೂಗಿ ಕೈಕಾಲು ಬಡಿಯೋಕೆ ಹೊಸದಾಗಿ ಶುರುಮಾಡಿದ್ರೆ ದಯವಿಟ್ಟು ನರರೋಗದ ಡಾಕ್ಟರಿಗೆ ತೋರಿಸಿ.

ಇದರ ಇನ್ನೊಂದು ಮುಖ ಎಷ್ಟೋ ಜನ ಅನುಭವಿಸಿರೋದು. ಮನಸ್ಸು ಎಚ್ಚರ ಆಗಿಬಿಡುತ್ತೆ, ಹಿಡಿತ ಮಾತ್ರ ಇನ್ನೂ ಬಿಟ್ಟಿರಲ್ಲ. ಫ್ಯಾನ್ ಕಾಣುತ್ತೆ, ಗೋಡೆ ಕಾಣುತ್ತೆ, ಕಿರುಚಬೇಕು ಅನ್ಸುತ್ತೆ, ನಾಲಿಗೆ ಏಳಲ್ಲ, ಎದೆ ಮೇಲೆ ಯಾರೋ ಕೂತ ಹಾಗೆ. ಸ್ಲೀಪ್ ಪ್ಯಾರಾಲಿಸಿಸ್ ಅಂತಾರೆ. ರೆಮ್ ನಿದ್ದೆಯಲ್ಲಿ ಪಕ್ಕೆಲುಬಿನ ನಡುವಿನ ಸ್ನಾಯುಗಳೂ ಸಡಿಲ ಆಗಿರುತ್ತೆ, ಉಸಿರಾಟ ಹೆಚ್ಚೂಕಮ್ಮಿ ವಪೆ ಅನ್ನೋ ಎದೆ-ಹೊಟ್ಟೆ ನಡುವಿನ ಸ್ನಾಯು ಒಂದರ ಮೇಲೇ ನಡೀತಿರುತ್ತೆ, ಆ ಹೊತ್ತಲ್ಲಿ ಬೇಕು ಅಂತ ದೀರ್ಘ ಉಸಿರು ಎಳೆಯೋಕೆ ಹೋದ್ರೆ ಎದೆ ಏಳಲ್ಲ. ಏಳದ ಎದೆಗೆ ಮನಸ್ಸು ಒಂದು ಕಾರಣ ಹುಡುಕುತ್ತೆ, ಮೇಲೆ ಭಾರ ಇದೆ ಅಂತ, ಭಾರ ಇದ್ಮೇಲೆ ಅದು ಯಾರದೋ ಇರಬೇಕು ಅಂತ. ಪ್ರಪಂಚದ ಎಲ್ಲಾ ಕಡೆ ಜನ ಈ ಕೂತ್ಕೊಂಡವರಿಗೆ ಒಂದೊಂದು ಹೆಸರಿಟ್ಟಿದ್ದಾರೆ. ನಂಗಂತೂ ಗೊತ್ತಾದ್ಮೇಲೆ ಭಯ ಅರ್ಧ ಹೋಯ್ತು, ಪೂರ್ತಿ ಹೋಗಿಲ್ಲ.

ಈ ಹಿಡಿತದಿಂದ ತಪ್ಪಿಸ್ಕೊಂಡಿರೋದು ಉಸಿರು ಮತ್ತು ಕಣ್ಣು. ಈ ಕಣ್ಣಿನಿಂದಾನೇ ಒಂದು ಅದ್ಭುತ ನಡೀತು. ಕೆಲವರಿಗೆ ಕನಸು ಬೀಳ್ತಿರುವಾಗಲೇ ಇದು ಕನಸು ಅಂತ ಗೊತ್ತಾಗುತ್ತೆ, ಲೂಸಿಡ್ ಡ್ರೀಮ್ ಅಂತಾರೆ. ಇಂಗ್ಲೆಂಡಿನ ಹಲ್ ಯೂನಿವರ್ಸಿಟಿಯಲ್ಲಿ ಕೀತ್ ಹರ್ನ್ 1975ರ ಏಪ್ರಿಲ್‌ನಲ್ಲಿ ಅಂಥ ಒಬ್ಬರಿಗೆ ಮೊದಲೇ ಹೇಳಿಕೊಟ್ಟಿದ್ರು, ಕನಸು ಅಂತ ಗೊತ್ತಾದ ಕೂಡಲೇ ಕಣ್ಣನ್ನ ಎಡಕ್ಕೆ ಬಲಕ್ಕೆ ಇಷ್ಟು ಸಲ ಹೊರಳಿಸಿ ಅಂತ. ಬೆಳಗಿನ ಜಾವ ಪೇಪರ್ ಮೇಲೆ ಆ ಗೆರೆಗಳು ಬಂದೇ ಬಂದ್ವು. ನಿದ್ದೆ ಮಾಡ್ತಿರೋ ಮನುಷ್ಯ ನಿದ್ದೆ ಒಳಗಿಂದ ಹೊರಗಿನವರಿಗೆ ಸನ್ನೆ ಮಾಡಿದ್ದ. ಸ್ಟ್ಯಾನ್‌ಫರ್ಡ್‌ನ ಸ್ಟೀಫನ್ ಲಬರ್ಜ್ ಇದನ್ನೇ ಸ್ವತಂತ್ರವಾಗಿ ಮಾಡಿ 1981ರಲ್ಲಿ ಪ್ರಕಟಿಸಿದ್ರು.

2021ರಲ್ಲಿ ಇದು ಇನ್ನೊಂದು ಮೆಟ್ಟಿಲು ಹತ್ತಿತು. ಅಮೆರಿಕ, ಫ್ರಾನ್ಸ್, ಜರ್ಮನಿ, ನೆದರ್‌ಲ್ಯಾಂಡ್ಸ್ ನಾಲ್ಕೂ ಕಡೆಯ ಲ್ಯಾಬ್‌ಗಳು 36 ಜನರ ಮೇಲೆ ಪ್ರಯೋಗ ಮಾಡಿದ್ವು, ನಾರ್ತ್‌ವೆಸ್ಟರ್ನ್ ಯೂನಿವರ್ಸಿಟಿಯ ಕರೆನ್ ಕೊಂಕೊಲಿ ಅದರ ಮೊದಲ ಲೇಖಕಿ. ಮಲಗಿರೋರಿಗೆ ಮೆಲ್ಲಗೆ ಲೆಕ್ಕ ಕೇಳಿದ್ರು, ಎಂಟರಲ್ಲಿ ಆರು ಕಳೆದ್ರೆ ಎಷ್ಟು ಅಂತ, ಕಣ್ಣು ಎರಡು ಸಲ ಎಡ ಬಲ ಹೊರಳಿತು. ಎಲ್ಲರೂ ಎಲ್ಲಾ ಸಲ ಉತ್ತರ ಕೊಟ್ಟಿಲ್ಲ, 158 ಸಲ ಕೇಳಿದ್ರಲ್ಲಿ ಸರಿ ಉತ್ತರ ಬಂದಿದ್ದು ನೂರಕ್ಕೆ 18ರಷ್ಟು, ಅರ್ಧಕ್ಕಿಂತ ಜಾಸ್ತಿ ಸಲ ಏನೂ ಬರಲಿಲ್ಲ, ಆದ್ರೆ ತಪ್ಪು ಉತ್ತರ ತುಂಬಾ ಕಮ್ಮಿ. ಕೆಲವರಿಗೆ ಆ ಪ್ರಶ್ನೆ ಕನಸಿನ ಒಳಗಿನ ರೇಡಿಯೋದಿಂದ ಬಂದ ಹಾಗೆ ಕೇಳಿಸಿತ್ತಂತೆ. ಯೋಚನೆ ಮಾಡಿ, ಆಕಡೆ ಕನಸು ನಡೀತಾನೇ ಇದೆ, ಈಕಡೆ ಕಳೆಯೋ ಲೆಕ್ಕನೂ ಆಗ್ತಿದೆ, ಎರಡರ ನಡುವೆ ಸೇತುವೆ ಆಗಿರೋದು ಎರಡು ಕಣ್ಣುಗುಡ್ಡೆ.

ಇನ್ನೂ ಒಂದು ಹೆಜ್ಜೆ ಒಳಗೆ ಹೋದ್ರೆ ನಾನು ಹೇಳ್ಬೇಕಾಗಿರೋದು ಸಿಗುತ್ತೆ. ಜರ್ಮನಿಯ ಮ್ಯೂನಿಕ್‌ನಲ್ಲಿ ಮಾರ್ಟಿನ್ ಡ್ರೆಸ್ಲರ್ ಮತ್ತವರ ಜೊತೆಗಾರರು 2011ರಲ್ಲಿ ಲೂಸಿಡ್ ಡ್ರೀಮ್ ಕಾಣೋರನ್ನ ಸ್ಕ್ಯಾನರ್ ಒಳಗೆ ಮಲಗಿಸಿ ಕನಸಲ್ಲಿ ಮುಷ್ಟಿ ಬಿಗಿ ಹಿಡಿಯಿರಿ ಅಂತ ಹೇಳಿಟ್ಟಿದ್ರು. ಹಾಸಿಗೆ ಮೇಲಿನ ಕೈ ಅಲುಗಲಿಲ್ಲ, ಆದ್ರೆ ಎಚ್ಚರದಲ್ಲಿ ಮುಷ್ಟಿ ಹಿಡಿದಾಗ ಮಿದುಳಿನ ಯಾವ ಜಾಗ ಕೆಲಸ ಮಾಡುತ್ತೋ ಅದೇ ಜಾಗ ಎದ್ದು ಕೂತಿತು. ಕನಸಲ್ಲಿ ಬಸ್ಕಿ ಹೊಡೆದವರ ಹೃದಯ ಬಡಿತ ಸ್ವಲ್ಪ ಏರಿದ್ದನ್ನೂ ಬೇರೆ ಪ್ರಯೋಗದಲ್ಲಿ ನೋಡಿದ್ದಾರೆ. ಇದು ದೇಹ ಬಿಟ್ಟ ಮನಸ್ಸಿನ ಸಂಚಾರ ಅಲ್ಲ ಸ್ವಾಮಿ, ದೇಹದ ನಕ್ಷೆಯನ್ನ ಮಿದುಳು ಕತ್ತಲಲ್ಲೂ ಬಿಚ್ಚಿಟ್ಕೊಂಡು ಓಡಾಡೋದು. ಕನಸು ಹೊರಗಿನ ಮೈಯನ್ನೂ ಬಿಡಲ್ಲ. 1958ರಷ್ಟು ಹಿಂದೆಯೇ ವಿಲಿಯಂ ಡಿಮೆಂಟ್ ಮತ್ತು ಎಡ್ವರ್ಡ್ ವೋಲ್ಪರ್ಟ್ ರೆಮ್ ನಿದ್ದೆಯಲ್ಲಿದ್ದವರ ಮೈ ಮೇಲೆ ತಣ್ಣೀರು ಚಿಮುಕಿಸಿ ಆಮೇಲೆ ಎಬ್ಬಿಸಿ ಕೇಳಿದ್ರು, ನೂರಕ್ಕೆ ಸುಮಾರು 42 ಸಲ ಆ ನೀರು ಕನಸಿನೊಳಗೆ ಬಂದಿತ್ತು, ಎಲ್ಲೋ ಮಳೆಯಾಗಿ, ಎಲ್ಲೋ ಸೋರೋ ಮಾಡಾಗಿ. ಬಾತ್‌ರೂಮ್ ಹುಡುಕೋ ಕನಸು ಯಾಕೆ ಬೀಳುತ್ತೆ ಅಂತ ಯಾರಿಗೂ ವಿವರಿಸ್ಬೇಕಾಗಿಲ್ಲ.

ಇಲ್ಲಿ ಒಂದು ತೊಡಕು ಇದೆ, ಅದನ್ನ ಬಿಟ್ಟು ಮುಂದೆ ಹೋದ್ರೆ ಮೋಸ ಆಗುತ್ತೆ. ಹುಟ್ಟಿನಿಂದ ಕಾಲು ಸ್ವಾಧೀನ ಇಲ್ಲದ, ಒಂದು ದಿನವೂ ನಡೆದಿರದ ಜನ ಕನಸಲ್ಲಿ ನಡೆದಾಡಿದ್ದಾಗಿ ಹೇಳಿರೋದು ದಾಖಲಾಗಿದೆ. ಕೈಯೋ ಕಾಲೋ ಕಳ್ಕೊಂಡ ಎಷ್ಟೋ ಜನ ಕನಸಲ್ಲಿ ಪೂರ್ತಿ ಮೈಯಲ್ಲೇ ಇರ್ತಾರೆ. ಹಾಗಾದ್ರೆ ಕನಸಿನ ದೇಹಕ್ಕೂ ನಿಜದ ದೇಹಕ್ಕೂ ಸಂಬಂಧ ಏನು? ನನ್ನ ಮಟ್ಟಿಗೆ ಇದರ ಅರ್ಥ, ಮಿದುಳು ಹುಟ್ಟುವಾಗಲೇ ಒಂದು ಮನುಷ್ಯ ದೇಹದ ಕರಡು ಹಿಡ್ಕೊಂಡು ಬಂದಿರುತ್ತೆ, ಸುತ್ತಲಿನವರು ನಡೆಯೋದನ್ನ ನೋಡಿ ಅದನ್ನ ತುಂಬ್ಕೊಳ್ಳುತ್ತೆ, ಆಮೇಲೆ ಜೀವನದ ಅನುಭವ ಅದನ್ನ ತಿದ್ದುತ್ತೆ. ಕಣ್ಣಿನ ವಿಷಯದಲ್ಲಿ ಈ ತಿದ್ದುಪಡಿ ಚೆನ್ನಾಗಿ ಕಾಣುತ್ತೆ, ಹುಟ್ಟು ಕುರುಡರ ಕನಸಲ್ಲಿ ತುಂಬಿರೋದು ಶಬ್ದ, ಸ್ಪರ್ಶ, ವಾಸನೆ, ಜಾಗದ ಅಂದಾಜು, ಆದ್ರೆ ಸುಮಾರು ಏಳು ವರ್ಷ ದಾಟಿದ್ಮೇಲೆ ದೃಷ್ಟಿ ಹೋದವರಲ್ಲಿ ಹೆಚ್ಚಿನವರು ಎಷ್ಟೋ ವರ್ಷ ಕನಸಲ್ಲಿ ನೋಡ್ತಾನೇ ಇರ್ತಾರೆ. ಹಗಲು ಹೋದ ಬೆಳಕು ರಾತ್ರಿ ಇನ್ನೂ ಉಳಿದಿರುತ್ತೆ. ಅಂದ್ರೆ ಕನಸಿಗೆ ಬೇಕಾಗಿರೋದು ಈ ಕ್ಷಣದ ಕೈಕಾಲು ಅಲ್ಲ, ಆದ್ರೆ ಒಂದು ದೇಹದಲ್ಲಿ ಬೆಳೆದ, ಒಂದು ದೇಹಕ್ಕಾಗಿಯೇ ತಯಾರಾದ ಮಿದುಳು ಬೇಕು.

ಹಾಗಂತ ಎಚ್ಚರದಲ್ಲಿ ನಮಗೆ ಸಿಗೋ ದೇಹ ಏನೋ ಅಪ್ಪಟ ಸತ್ಯ ಅಂತಲೂ ಅಲ್ಲ. 1998ರಲ್ಲಿ ಮ್ಯಾಥ್ಯೂ ಬಾಟ್‌ವಿನಿಕ್, ಜೊನಾಥನ್ ಕೋಹೆನ್ ಒಂದು ಸಿಂಪಲ್ ಪ್ರಯೋಗ ಮಾಡಿದ್ರು, ನಿಮ್ಮ ಕೈಯನ್ನ ಪರದೆ ಹಿಂದೆ ಇಟ್ಟು ಎದುರಿಗೆ ಒಂದು ರಬ್ಬರ್ ಕೈ ಇಡ್ತಾರೆ, ಎರಡರ ಮೇಲೂ ಒಂದೇ ಸಮಯಕ್ಕೆ ಒಂದೇ ಥರ ಬ್ರಷ್‌ನಿಂದ ಸವರ್ತಾರೆ, ಸ್ವಲ್ಪ ಹೊತ್ತಲ್ಲಿ ಸವರೋದು ಆ ರಬ್ಬರ್ ಕೈ ಮೇಲೇ ಗೊತ್ತಾಗ್ತಿದೆ ಅನ್ಸೋಕೆ ಶುರುವಾಗುತ್ತೆ, ಅದೇ ನನ್ನ ಕೈ ಅನ್ಸುತ್ತೆ. ಕಣ್ಣು ಮತ್ತು ಚರ್ಮ ಒಂದೇ ಮಾತು ಹೇಳಿದ್ರೆ ಸಾಕು, ಮಿದುಳು ರಬ್ಬರಿಗೂ ನಂದು ಅಂತ ಸಹಿ ಹಾಕಿಬಿಡುತ್ತೆ. ನನ್ನ ಜೋಮು ಹಿಡಿದ ಕೈ ಕಥೆ ಇದರ ಹಿಂದುಮುಂದು, ಕಣ್ಣಿಗೆ ಕೈ ಕಾಣ್ತಿದೆ, ಒಳಗಿಂದ ಸುದ್ದಿ ಬರ್ತಿಲ್ಲ, ಸಹಿ ವಾಪಸ್ ತಗೊಂಡ್ತು.

ಈ ಒಳಗಿನ ಸುದ್ದಿ ಪೂರ್ತಿ ನಿಂತುಹೋದ್ರೆ ಏನಾಗುತ್ತೆ ಅನ್ನೋದಕ್ಕೆ ಬ್ರಿಟನ್ನಿನ ಒಬ್ಬರ ಕಥೆ ವೈದ್ಯಶಾಸ್ತ್ರದಲ್ಲಿ ಹೆಸರುವಾಸಿ. 1971ರಲ್ಲಿ 19 ವರ್ಷದ ಹುಡುಗ, ಒಂದು ಸೋಂಕು ಜ್ವರ ಬಂತು, ಕುತ್ತಿಗೆಯಿಂದ ಕೆಳಗೆ ಸ್ಪರ್ಶ ಹೋಯ್ತು, ಅದಕ್ಕಿಂತ ಮುಖ್ಯವಾಗಿ ಕೈಕಾಲು ಎಲ್ಲಿದೆ ಅನ್ನೋ ಅರಿವೇ ಹೋಯ್ತು. ಸ್ನಾಯು ಚೆನ್ನಾಗಿತ್ತು, ಲಕ್ವ ಅಲ್ಲ. ಅವರು ನೋಡ್ಕೊಂಡು ಕೂರೋದನ್ನ, ನೋಡ್ಕೊಂಡು ನಿಲ್ಲೋದನ್ನ, ನೋಡ್ಕೊಂಡು ನಡೆಯೋದನ್ನ ತಿಂಗಳುಗಟ್ಟಲೆ ಕಲಿತ್ರು, ಒಂದೊಂದು ಹೆಜ್ಜೆಯನ್ನೂ ಯೋಚಿಸಿ ಇಡಬೇಕು. ನಿಂತಿರುವಾಗ ದೀಪ ಹೋದ್ರೆ ಕುಸಿದು ಬೀಳ್ತಿದ್ರು. ನಾವು ನಿಂತ್ಕೊಂಡು ಮಾತಾಡ್ತಾ ಲೋಟ ಎತ್ತಿ ಕುಡೀತೀವಲ್ಲ, ಅದರ ಹಿಂದೆ ಎಷ್ಟು ಸುದ್ದಿ ಓಡಾಡ್ತಿದೆ ಅಂತ ಇಂಥವರಿಂದಲೇ ನಮಗೆ ಗೊತ್ತಾಗಿದ್ದು.

ಕೈಕಾಲಿಗಿಂತ ಒಳಗಿನ ಸುದ್ದಿ ಇನ್ನೂ ಇದೆ, ಹೃದಯ, ಹೊಟ್ಟೆ, ಉಸಿರು. ಪ್ಯಾರಿಸ್‌ನಲ್ಲಿ ಕ್ಯಾಥರಿನ್ ಟಾಲನ್-ಬೋಡ್ರಿ ಅವರ ತಂಡ 2014ರಲ್ಲಿ ತೋರಿಸಿದ್ದು ಇದು: ಪ್ರತಿ ಹೃದಯ ಬಡಿತಕ್ಕೂ ಮಿದುಳಲ್ಲಿ ಒಂದು ಸಣ್ಣ ಅಲೆ ಏಳುತ್ತೆ, ಆ ಅಲೆ ದೊಡ್ಡದಿದ್ದಾಗ ಕಂಡೂ ಕಾಣದ ಹಾಗೆ ಇರೋ ಮಸುಕು ಚಿತ್ರ "ಕಾಣಿಸ್ತು" ಅಂತ ಜನ ಹೇಳೋ ಸಾಧ್ಯತೆ ಜಾಸ್ತಿ. ಕಣ್ಣಿಗೆ ಬಿದ್ದಿದ್ದು ಒಂದೇ ಚಿತ್ರ, ನೋಡ್ದೋ ಇಲ್ವೋ ಅನ್ನೋದರಲ್ಲಿ ಹೃದಯದ್ದೂ ಒಂದು ಕೈ ಇದೆ.

ಈಗ ಆಸ್ಪತ್ರೆಗೆ ಬರೋಣ, ಯಾಕಂದ್ರೆ ಈ ಎಲ್ಲಾ ಮಾತು ಅಲ್ಲಿ ಜೀವನ್ಮರಣದ ಮಾತಾಗುತ್ತೆ. ನಮ್ಮ ದೊಡ್ಡಮ್ಮ ಮಿದುಳಲ್ಲಿ ರಕ್ತಸ್ರಾವ ಆಗಿ ಹನ್ನೊಂದು ದಿನ ಐಸಿಯುನಲ್ಲಿದ್ರು. ಕಣ್ಣು ಬಿಡ್ತಿದ್ರು, ನೋಟ ನಿಲ್ತಿರಲಿಲ್ಲ, ಕೈ ಹಿಡಿದ್ರೆ ವಾಪಸ್ ಹಿಡೀತಿರಲಿಲ್ಲ. "ಅವರಿಗೇನೂ ಗೊತ್ತಾಗಲ್ಲಮ್ಮ, ಸುಮ್ನೆ ಅಳಬೇಡಿ" ಅಂತ ಒಬ್ಬರು ಸ್ಟಾಫ್ ನಮ್ಮಕ್ಕನಿಗೆ ಸಮಾಧಾನ ಹೇಳಿದ್ರು, ಒಳ್ಳೆ ಮನಸ್ಸಿನಿಂದಲೇ ಹೇಳಿದ್ರು. ಆ ಮಾತು ನಂಬಿ ನಾವು ಮಂಚದ ಪಕ್ಕದಲ್ಲೇ ನಿಂತು ಎಲ್ಲಾ ಮಾತಾಡಿದ್ವಿ, ಖರ್ಚು ಎಷ್ಟಾಯ್ತು, ಇನ್ನೆಷ್ಟು ದಿನ, ಯಾರಿಗೆ ಫೋನ್ ಮಾಡಬೇಕು, ಮುಂದಿನ ಕಾರ್ಯ ಯಾರು ಮಾಡಬೇಕು, ಎಲ್ಲಾ.

ಕೇಂಬ್ರಿಜ್‌ನಲ್ಲಿ ಏಡ್ರಿಯನ್ ಓವೆನ್ 2006ರಲ್ಲಿ ಪ್ರಕಟಿಸಿದ ವಿಷಯ ಆಗ ನಂಗೆ ಗೊತ್ತಿರಲಿಲ್ಲ. ರಸ್ತೆ ಅಪಘಾತದಲ್ಲಿ ಪೆಟ್ಟಾಗಿ ತಿಂಗಳುಗಳಿಂದ ಯಾವ ಪ್ರತಿಕ್ರಿಯೆನೂ ಇಲ್ಲದ 23 ವರ್ಷದ ಹುಡುಗಿ, ಎಲ್ಲಾ ಪರೀಕ್ಷೆ ಪ್ರಕಾರ ಅರಿವಿಲ್ಲದ ಸ್ಥಿತಿ. ಅವಳನ್ನ ಸ್ಕ್ಯಾನರ್‌ನಲ್ಲಿ ಮಲಗಿಸಿ, ಟೆನಿಸ್ ಆಡ್ತಿದ್ದೀಯ ಅಂತ ಕಲ್ಪಿಸ್ಕೋ ಅಂದ್ರು, ಚಲನೆಯ ಯೋಜನೆ ಮಾಡೋ ಭಾಗ ಬೆಳಗಿತು. ನಿಮ್ಮನೆ ಕೋಣೆಗಳಲ್ಲಿ ಓಡಾಡ್ತಿದ್ದೀಯ ಅಂತ ಕಲ್ಪಿಸ್ಕೋ ಅಂದ್ರು, ಜಾಗ ಗುರುತಿಸೋ ಭಾಗ ಬೆಳಗಿತು. ಆರೋಗ್ಯವಾಗಿರೋರ ಮಿದುಳಲ್ಲಿ ಏನಾಗುತ್ತೋ ಅದೇ. 2010ರಲ್ಲಿ ಇದೇ ಉಪಾಯದಿಂದ 54 ರೋಗಿಗಳಲ್ಲಿ ಐದು ಜನ ತಮ್ಮ ಮಿದುಳಿನ ಚಟುವಟಿಕೆಯನ್ನ ಬೇಕು ಅಂತ ಬದಲಾಯಿಸಿ ತೋರಿಸಿದ್ರು, ಅದರಲ್ಲಿ ಒಬ್ಬರಂತೂ ಹೌದು ಅನ್ನೋಕೆ ಒಂದು ಕಲ್ಪನೆ, ಇಲ್ಲ ಅನ್ನೋಕೆ ಇನ್ನೊಂದು ಕಲ್ಪನೆ ಮಾಡಿ ಪ್ರಶ್ನೆಗಳಿಗೆ ಉತ್ತರನೇ ಕೊಟ್ರು. 2024ರ ಆಗಸ್ಟ್‌ನಲ್ಲಿ ಬಂದ ದೊಡ್ಡ ಅಧ್ಯಯನದಲ್ಲಿ, ಹೇಳಿದ ಮಾತಿಗೆ ಹೊರಗೆ ಏನೂ ಪ್ರತಿಕ್ರಿಯೆ ಕೊಡದ 241 ಜನರಲ್ಲಿ 60 ಜನರ ಮಿದುಳು, ಅಂದ್ರೆ ನಾಲ್ಕರಲ್ಲಿ ಒಬ್ಬರದು, ಹೇಳಿದ್ದನ್ನ ಮಾಡ್ತಿತ್ತು. ನಾಲ್ಕರಲ್ಲಿ ಒಬ್ಬರು. ಈ ಅಂಕಿ ಓದಿದ ದಿನ ನಾನು ಊಟ ಮಾಡಲಿಲ್ಲ.

ಆಪರೇಷನ್ ಟೇಬಲ್ ಮೇಲೂ ಇಂಥದ್ದೇ ಒಂದು ಕಿಟಕಿ ತೆಗೆದು ನೋಡಿದ್ದಾರೆ. ಅರಿವಳಿಕೆ ಕೊಡುವಾಗ ಮೈ ಅಲುಗದ ಹಾಗೆ ಸ್ನಾಯು ಸಡಿಲಿಸೋ ಔಷಧಿನೂ ಕೊಡ್ತಾರೆ, ಈ ಪ್ರಯೋಗದಲ್ಲಿ ಅದಕ್ಕೆ ಮುಂಚೆ ಒಂದು ಕೈಗೆ ಬಿಗಿ ಪಟ್ಟಿ ಕಟ್ಟಿ ಔಷಧಿ ಆ ಕೈಗೆ ಹೋಗದ ಹಾಗೆ ತಡೀತಾರೆ, ಆಮೇಲೆ ಕಿವಿಯಲ್ಲಿ, ನನ್ನ ಮಾತು ಕೇಳಿಸಿದ್ರೆ ಕೈ ಒತ್ತಿ ಅಂತಾರೆ. 2017ರಲ್ಲಿ ಪ್ರಕಟವಾದ ಹಲವು ದೇಶಗಳ ಅಧ್ಯಯನದಲ್ಲಿ 260 ಜನರಲ್ಲಿ 12 ಜನ ಕೈ ಒತ್ತಿದ್ರು. ಎದ್ದ ಮೇಲೆ ಸಾಮಾನ್ಯವಾಗಿ ಇಂಥವರಿಗೆ ಅದರ ನೆನಪೇ ಇರಲ್ಲ, ಬೆಳಿಗ್ಗೆ ಎದ್ದ ಮೇಲೆ ಕನಸು ಮರೆತ ಹಾಗೆ. ರೆಮ್ ನಿದ್ದೆ ಬಿಟ್ಟುಕೊಟ್ಟ ಕಣ್ಣು, ಪಟ್ಟಿ ಕಟ್ಟಿ ಉಳಿಸಿಕೊಂಡ ಕೈ, ಸ್ಕ್ಯಾನರ್‌ನಲ್ಲಿ ಆಡಿದ ಟೆನಿಸ್, ಮೂರೂ ಕಡೆ ನಡೆದಿದ್ದು ಒಂದೇ ಕೆಲಸ: ಮಾತು ಬಾರದ ಕಡೆ, ಮೈ ಅಲುಗದ ಕಡೆ, ಒಳಗೆ ಯಾರಿದೀರ ಅಂತ ಕೇಳೋಕೆ ಒಂದು ಸಂದಿ ಹುಡುಕಿದ್ದು.

ಇಷ್ಟು ಇಟ್ಕೊಂಡು ಯಂತ್ರದ ವಾದಕ್ಕೆ ವಾಪಸ್ ಬಂದ್ರೆ ನಮ್ಮ ಅಳತೆಗೋಲೇ ಸರಿ ಇಲ್ಲ ಅಂತ ಗೊತ್ತಾಗುತ್ತೆ. ನಾವು ಮನುಷ್ಯರು ಮಾತಿಗೆ ಸೋಲ್ತೀವಿ. ಚೆನ್ನಾಗಿ ಮಾತಾಡಿದ್ದನ್ನ ನೋಡಿ ಒಳಗೆ ಯಾರೋ ಇದ್ದಾರೆ ಅಂತೀವಿ, ಮಾತಾಡದೇ ಇದ್ದವರ ಪಕ್ಕ ನಿಂತು ಒಳಗೆ ಯಾರೂ ಇಲ್ಲ ಅಂತೀವಿ. ಚಾಟ್‌ಬಾಟ್ ಮನುಷ್ಯರು ಬರೆದ ಅಪಾರ ಬರಹದಿಂದ ಮುಂದಿನ ಪದ ಯಾವುದು ಬರಬಹುದು ಅಂತ ಕಲಿತದ್ದು, ನೋವಿನ ಬಗ್ಗೆ ಮನುಷ್ಯರು ಹೇಗೆ ಬರೀತಾರೆ ಅನ್ನೋದು ಅದಕ್ಕೆ ತುಂಬಾ ಚೆನ್ನಾಗಿ ಬರುತ್ತೆ, ಹಾಗಾಗಿ ಅದರ ಬಾಯಲ್ಲಿ ಬಂದ "ನಂಗೆ ನೋವಾಗುತ್ತೆ" ಅನ್ನೋದು ಸಾಕ್ಷಿ ಅಂತ ನಿಲ್ಲಲ್ಲ. 2023ರ ಆಗಸ್ಟ್‌ನಲ್ಲಿ ಪ್ಯಾಟ್ರಿಕ್ ಬಟ್ಲಿನ್, ರಾಬರ್ಟ್ ಲಾಂಗ್ ಸೇರಿ 19 ಜನ ವಿಜ್ಞಾನಿಗಳು, ತತ್ವಶಾಸ್ತ್ರಜ್ಞರು ಒಂದು ದೊಡ್ಡ ವರದಿ ಕೊಟ್ರು, ಅದರಲ್ಲಿ ಮಾತನ್ನ ಪಕ್ಕಕ್ಕಿಟ್ಟು ಒಳಗಿನ ರಚನೆ ನೋಡಿದ್ರು, ಆಗ ಇದ್ದ ಯಾವ ಸಿಸ್ಟಮ್‌ಗೂ ಪ್ರಜ್ಞೆ ಇದೆ ಅನ್ನೋಕೆ ಬಲವಾದ ಕಾರಣ ಇಲ್ಲ, ಆದ್ರೆ ಅವರು ಪಟ್ಟಿ ಮಾಡಿದ ಲಕ್ಷಣಗಳಿರೋ ಸಿಸ್ಟಮ್ ಮುಂದೆ ಕಟ್ಟೋಕೆ ತಾಂತ್ರಿಕವಾಗಿ ದೊಡ್ಡ ಅಡ್ಡಿನೂ ಕಾಣಲ್ಲ ಅಂದ್ರು. ಅವರು ಒಂದು ಮಾತನ್ನ ಷರತ್ತಾಗಿ ಇಟ್ಕೊಂಡಿದ್ರು, ಸರಿಯಾದ ಲೆಕ್ಕಾಚಾರ ನಡೆದ್ರೆ ಸಾಕು, ಅದು ಯಾವುದರಲ್ಲಿ ನಡೀತು ಅನ್ನೋದು ಮುಖ್ಯ ಅಲ್ಲ ಅಂತ. ಜಗಳ ಇರೋದೇ ಆ ಷರತ್ತಿನಲ್ಲಿ. ಇಂಗ್ಲೆಂಡಿನ ನರವಿಜ್ಞಾನಿ ಅನಿಲ್ ಸೇಥ್ ಥರದವರು ಅದನ್ನ ಒಪ್ಪಲ್ಲ, ಅವರ ಪ್ರಕಾರ ಅನುಭವದ ಬೇರು ಇರೋದು ಬದುಕಿರೋ ದೇಹ ತನ್ನನ್ನ ತಾನು ಉಳಿಸ್ಕೊಳ್ಳೋ ಕೆಲಸದಲ್ಲಿ.

ಸಿದ್ಧಾಂತಗಳಲ್ಲೇ ಒಮ್ಮತ ಇಲ್ಲ. 1998ರಲ್ಲಿ ಕ್ರಿಸ್ಟಾಫ್ ಕಾಕ್ ಅನ್ನೋ ನರವಿಜ್ಞಾನಿ, ಇಪ್ಪತ್ತೈದು ವರ್ಷದಲ್ಲಿ ಪ್ರಜ್ಞೆಯ ಗುರುತು ಮಿದುಳಲ್ಲಿ ಸ್ಪಷ್ಟವಾಗಿ ಸಿಗುತ್ತೆ ಅಂತ ತತ್ವಶಾಸ್ತ್ರಜ್ಞ ಡೇವಿಡ್ ಚಾಮರ್ಸ್ ಹತ್ರ ಬಾಜಿ ಕಟ್ಟಿದ್ರು, 2023ರ ಜೂನ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಸೋಲೊಪ್ಪಿ ವೈನ್ ಪೆಟ್ಟಿಗೆ ಕೊಟ್ರು. ಎದುರಾಳಿ ಸಿದ್ಧಾಂತಗಳ ಎರಡು ಗುಂಪು ಒಟ್ಟಿಗೆ ಕೂತು 256 ಜನರ ಮೇಲೆ ಮಾಡಿದ ಪ್ರಯೋಗ 2025ರ ಏಪ್ರಿಲ್‌ನಲ್ಲಿ ಪ್ರಕಟವಾಯ್ತು, ಎರಡಕ್ಕೂ ಕೆಲವು ಕಡೆ ಪೆಟ್ಟು ಬಿತ್ತು, ಯಾರೂ ಗೆಲ್ಲಲಿಲ್ಲ. ನಂಗೆ ಇದರಲ್ಲಿ ಬೇಜಾರಿಲ್ಲ, ತಮ್ಮ ಸಿದ್ಧಾಂತ ಎಲ್ಲಿ ಸೋಲುತ್ತೆ ಅಂತ ಮೊದಲೇ ಬರೆದಿಟ್ಟು ಆಮೇಲೆ ಪರೀಕ್ಷೆಗೆ ಕೂತವರ ಬಗ್ಗೆ ಗೌರವನೇ ಜಾಸ್ತಿ ಆಯ್ತು.

ನನ್ನ ನಿಲುವು ಹೇಳ್ಬೇಕಂದ್ರೆ, ದೇಹ ಅಂದ್ರೆ ಅಲುಗಾಡೋ ಕೈಕಾಲು ಅಂತ ತಿಳ್ಕೊಂಡಿದ್ದೇ ತಪ್ಪು. ಕುತ್ತಿಗೆ ಕೆಳಗೆ ಏನೂ ಆಡದವರಿಗೂ ಪೂರ್ತಿ ಅರಿವಿರುತ್ತೆ, ಅವರ ಹೃದಯ ಬಡೀತಿರುತ್ತೆ, ರಕ್ತದಲ್ಲಿ ಸಕ್ಕರೆ ಏರಿಳೀತಿರುತ್ತೆ, ಹಸಿವು ಆಗುತ್ತೆ, ಭಯ ಆದ್ರೆ ಬೆವರು ಬರುತ್ತೆ ಇಲ್ಲಾ ಮುಖ ಬಿಸಿ ಆಗುತ್ತೆ. ನೋಡ್ಕೊಳ್ಳದೇ ಇದ್ರೆ ಸತ್ತುಹೋಗೋ ಒಂದು ವಸ್ತು ಅಲ್ಲಿದೆ, ಮಿದುಳು ಹಗಲೂ ರಾತ್ರಿ ಅದನ್ನ ಕಾಯ್ತಿದೆ, ಕನಸು ಆ ಕಾವಲಿನ ಮಧ್ಯೆನೇ ನಡೆಯೋದು. ಕನಸನ್ನ ತೋರಿಸಿ ದೇಹ ಬೇಡ ಅನ್ನೋರು ಇದನ್ನ ಲೆಕ್ಕಕ್ಕೆ ತಗೋಬೇಕು. ಯಂತ್ರಕ್ಕೆ ಎಂದೂ ಸಾಧ್ಯವೇ ಇಲ್ಲ ಅಂತ ನಾನು ಹೇಳಲ್ಲ, ಅದಕ್ಕೆ ಕನಸನ್ನ ಸಾಕ್ಷಿಗೆ ಕರೀಬೇಡಿ ಅಂತೀನಿ.

ಕನಸಿಗೆ ಕೈ ಹಾಕೋರು ಇನ್ನೊಂದು ಕಡೆಯಿಂದಲೂ ಬರ್ತಿದ್ದಾರೆ. 2021ರಲ್ಲಿ ಅಮೆರಿಕದ ಒಂದು ಬಿಯರ್ ಕಂಪನಿ, ಮಲಗೋ ಮುಂಚೆ ಇಂಥ ವಿಡಿಯೋ ನೋಡಿ ರಾತ್ರಿ ಇಂಥ ಶಬ್ದ ಹಾಕ್ಕೊಳ್ಳಿ, ನಮ್ಮ ಬಿಯರ್ ಕನಸಲ್ಲಿ ಬರುತ್ತೆ ಅಂತ ಕ್ಯಾಂಪೇನ್ ಮಾಡಿತು, ಸುಮಾರು 40 ನಿದ್ರಾ ವಿಜ್ಞಾನಿಗಳು ಇದು ಅಪಾಯ, ನಿಯಮ ಬೇಕು ಅಂತ ಬಹಿರಂಗ ಪತ್ರ ಬರೆದ್ರು. ಮೇಲೆ ಹೇಳಿದ ತಣ್ಣೀರಿನ ಪ್ರಯೋಗ ನೆನಪಿಸ್ಕೊಳ್ಳಿ, ಮಲಗಿದವರ ಒಳಗೆ ಹೊರಗಿನಿಂದ ಏನಾದ್ರೂ ಸೇರಿಸೋದು ಕಷ್ಟ ಅಲ್ಲ. ಬೇಡ ಅನ್ನೋಕೆ ಅವರಿಗೆ ಬಾಯಿ ಇರಲ್ಲ.

ಆಸ್ಪತ್ರೆ ವಿಷಯದಲ್ಲಿ ಮಾತ್ರ ನಾವು ಕಾಯಬೇಕಾಗಿಲ್ಲ. 2024ರ ಅಧ್ಯಯನದಲ್ಲಿ ಸ್ಕ್ಯಾನರ್ ಜೊತೆಗೆ ಇಇಜಿನೂ ಬಳಸಿದ್ರು, ತಲೆಗೆ ತಂತಿ ಅಂಟಿಸಿ ಕಿವಿಗೆ ಹೆಡ್‌ಫೋನ್ ಹಾಕಿ, "ಮುಷ್ಟಿ ಹಿಡೀರಿ, ಬಿಡಿ" ಅಂತ ಹೇಳಿ ಮಿದುಳಿನ ಅಲೆ ನೋಡೋದು. ಅದನ್ನ ಓದೋ ಪರಿಣತಿ ಸದ್ಯಕ್ಕೆ ಕೆಲವೇ ದೊಡ್ಡ ಸಂಶೋಧನಾ ಕೇಂದ್ರಗಳಲ್ಲಿದೆ, ಅದು ಹರಡಬೇಕು. ಅಲ್ಲೀತನಕ ಮನೆಯವರು ಡಾಕ್ಟರಿಗೆ ಒಂದು ಪ್ರಶ್ನೆ ಕೇಳಬಹುದು, ಅರಿವಿಲ್ಲ ಅಂತ ತೀರ್ಮಾನ ಮಾಡಿದ್ದು ಒಂದೇ ಸಲ ನೋಡಿಯಾ, ಬೇರೆ ಬೇರೆ ದಿನ ಬೇರೆ ಬೇರೆ ಹೊತ್ತಲ್ಲಿ ನೋಡಿಯಾ, ಕೈ ಆಡದೇ ಇದ್ರೆ ಕಣ್ಣಿನಿಂದ ಹೇಳೋಕೆ ಅವಕಾಶ ಕೊಟ್ಟಿದ್ರಾ ಅಂತ. ಮತ್ತೆ ಮಂಚದ ಪಕ್ಕ ನಿಂತು ಮಾತಾಡುವಾಗ ಅವರು ಕೇಳಿಸ್ಕೊಳ್ತಿದ್ದಾರೆ ಅಂತಲೇ ಮಾತಾಡಿ.

ದೊಡ್ಡಮ್ಮ ಹನ್ನೊಂದನೇ ದಿನ ಸಂಜೆ ಹೋದ್ರು. ಹಿಂದಿನ ರಾತ್ರಿ ನಾನೊಬ್ಬಳೇ ಒಳಗೆ ಹೋಗಿದ್ದೆ, ಹೇಳೋಕೆ ಏನೂ ತೋಚಲಿಲ್ಲ, ಅವರ ಕೈ ಹಿಡ್ಕೊಂಡು ಸುಮ್ಮನೆ ಕೂತಿದ್ದೆ, ಬೆಚ್ಚಗಿತ್ತು.